ರೇಸಿನ ಪ್ಯಾಡು

ಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯವರ ಹತ್ತಿರ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರೊಂದಿತ್ತು. ಶೃಂಗೇರಿ ಕಡೆಯ ಇಳಿಜಾರಿಗೆ ಬೇಕೆಂದು ಅದಕ್ಕೆ ರೇಸಿನ ಬ್ರೇಕ್ ಪ್ಯಾಡನ್ನೇ ಆರಿಸಿ ಹಾಕಿಸಿದ್ದರು. ಎಷ್ಟು ಬಿಸಿಯಾದರೂ ಹಿಡಿತ ಬಿಡದ ಪ್ಯಾಡು ಅದು. ತಣ್ಣಗಿದ್ದರೆ ಮಾತ್ರ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಹೊರಡುವ ಮುನ್ನ ಮನೆಯೆದುರಿನ ಸಮತಟ್ಟು ರಸ್ತೆಯಲ್ಲಿ ಅತ್ತಿತ್ತ ಓಡಿಸಿ, ಮತ್ತೆ ಮತ್ತೆ ಬ್ರೇಕೊತ್ತಿ, ಇಳಿದು, ಕಾವಲಿ ಕಾದಿದೆಯೇ ಎಂದು ನೋಡುವವರ ಹಾಗೆ ಚಕ್ರದ ಬಳಿ ಅಂಗೈ ಹಿಡಿಯುತ್ತಿದ್ದರು. "ತಡಿ ಮಾರಾಯ, ಕಾಯ್ಲಿ" ಎನ್ನುವುದು ಅವರ ಮಾತು. ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದ ನಾನು, "ಸಾದಾ ಪ್ಯಾಡ್ ಹಾಕ್ಸಿ" ಎಂದರೆ, "ನಿಂಗೆ ನಿಂತ ಕಾರಲ್ಲೂ ಹೆದ್ರಿಕೆ" ಎಂದು ನಗುತ್ತಿದ್ದರು. ಅದೂ ಸುಳ್ಳೇನಲ್ಲ.

ಒಂದು ಚಳಿಯ ಬೆಳಿಗ್ಗೆ ಅವರ ಹೆಂಡತಿಗೆ ಎದೆನೋವು ಬಂತು. ಕಾಯಿಸುತ್ತ ಕೂರುವ ಹೊತ್ತಲ್ಲ. ಆಕೆಯನ್ನು ಕೂರಿಸಿಕೊಂಡು ಹೊರಟೇಬಿಟ್ಟರು. ಇಳಿಜಾರಿನ ಮೊದಲ ತಿರುವಿನಲ್ಲೇ ಬ್ರೇಕು ಹಿಡಿಯದೆ ಕಾರು ಮೋರಿಯ ಕಟ್ಟೆಗೆ ಬಡಿಯಿತು. ಸದ್ದು ಕೇಳಿ ನಾವು ಓಡಿಹೋಗಿ, ಯಾರದೋ ಜೀಪು ನಿಲ್ಲಿಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು. ಹೋಗಿದ್ದು ಹೃದಯಾಘಾತದಿಂದ, ಪೆಟ್ಟಿನಿಂದಲ್ಲ ಎಂದರು ಡಾಕ್ಟರು.

ಕಾರ್ಯಗಳೆಲ್ಲ ಮುಗಿದ ಮೇಲೆ ಸಮಾಧಾನ ಹೇಳಲು ಹೋದೆ. "ಯಾವ ಪ್ಯಾಡಾದ್ರೂ ಅಷ್ಟೇ ಆಗ್ತಿತ್ತು ಬಿಡಿ."

"ಇಲ್ಲ ಮಾರಾಯ, ಸಾದಾದ್ದು ಹಿಡೀತಿತ್ತು," ಎಂದರು. ಆಮೇಲೆ ಅವರೇ ಹೇಳಿದರು: "ಇಳಿಜಾರು ಬರುವಾಗ ಅವ್ಳು ಕೇಳಿದ್ಲು, ಇವತ್ತು ಕಾಯಿಸ್ಲಿಲ್ವಲ್ರೀ ಅಂತ. ಆಗ್ಲೇ ಕಾಯ್ಸಿದೀನಿ ಅಂದೆ. ನಂಬಿ ಕಣ್ಣು ಮುಚ್ಕೊಂಡ್ಲು."