ರೊಟ್ಟಿ ಬಡಿಯುವ ಕೈ ಗುರಿ ತಪ್ಪಿದ ದಿನ

ಕಳೆದ ವರ್ಷ ಯುಗಾದಿ ಮುಗಿದ ಮೇಲಿನ ಮಾತು. ಕಮಲಾಪುರದಲ್ಲಿರುವ ನನ್ನ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ನಮ್ಮ ಕಡೆ ಇಂಥ ಕಾರ್ಯವೆಂದರೆ ಎರಡು ದಿನ ಮೊದಲೇ ಓಣಿಯ ಹೆಂಗಸರೆಲ್ಲ ಕೂಡಿ ದಿನಗಟ್ಟಲೆ ಕೆಡದ ಜೋಳದ ಕಟಕ ರೊಟ್ಟಿ ಬಡಿದಿಡುತ್ತಾರೆ. ನಾನು ಕಲಬುರಗಿಯ ಸ್ಟೇಶನ್ ಬಜಾರದ ಖಾನಾವಳಿಯೊಂದರಲ್ಲಿ ಹದಿನೆಂಟು ವರ್ಷ ರೊಟ್ಟಿ ಬಡಿದವಳು. ಟಿವಿ ನೋಡುತ್ತಲೂ ಬಡಿಯಬಲ್ಲೆ, ಜಗಳ ಆಡುತ್ತಲೂ ಬಡಿಯಬಲ್ಲೆ. ಆ ಸೊಕ್ಕು ನನಗಿತ್ತು.

ಬೆಳಿಗ್ಗೆ ಬಸ್ಸಿಳಿದಾಗಲೇ ತಲೆ ಗಿರ್ ಎಂದಿತು. ನಡೆಯುವಾಗ ಮೈ ಒಂದು ಕಡೆ ವಾಲುತ್ತಿತ್ತು. "ಪಿತ್ತ ಆಗ್ಯಾದ" ಎಂದು ತಂಗಿ ನಿಂಬೆಹಣ್ಣಿನ ಪಾನಕ ಕೊಟ್ಟಳು. ತಲೆ ತಿರುಗಿದರೆ ನಮ್ಮಲ್ಲಿ ಎಲ್ಲಕ್ಕೂ ಪಿತ್ತವೇ ಹೊಣೆ. ಕುಡಿದು ಹಿಟ್ಟಿನ ಮುಂದೆ ಕುಳಿತೆ.

ಬಲಗೈ ರೊಟ್ಟಿ ಬಿಟ್ಟು ಕಲ್ಲಿಗೆ ಬಡಿಯಿತು. ಮತ್ತೆ ಬಡಿದೆ, ಅಂಚು ಹರಿಯಿತು. "ಸಿಟಿಯವ್ರ ರೊಟ್ಟಿ ನೋಡ್ರೇ, ದೇಶದ ನಕಾಶಿ ಆಗ್ಯಾದ!" ಎಂದು ಯಾರೋ ನಕ್ಕರು. ತಂಗಿಯ ಪಕ್ಕದ ಮನೆಯ ನೀಲಮ್ಮ ಮಾತ್ರ ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದವಳು, "ಅಕ್ಕಾ, ಈ ಹಿಟ್ಟಿನ ಉಂಡಿ ತಗೋ" ಎಂದು ಮುಂದೆ ಹಿಡಿದಳು. ನನ್ನ ಕೈ ಉಂಡೆಯ ಪಕ್ಕದಲ್ಲಿ ಬರಿಯ ಗಾಳಿಯನ್ನು ಹಿಡಿಯಿತು.

"ಇದು ಪಿತ್ತ ಅಲ್ಲಕ್ಕ. ದವಾಖಾನಿಗಿ ನಡಿ."

"ಕೈಯಾಗ ಕಸುವು ಅದಲ್ಲ! ಲಕ್ವಾ ಹೊಡದ್ರ ಕೈಕಾಲು ಬೀಳ್ತಾವ, ಹಿಂಗ ಇರ್ತದೇನು? ನಿನ್ನ ಕೆಲಸ ನೀ ನೋಡ್ಕೊ" ಎಂದು ಸಿಡುಕಿದೆ.

"ನಮ್ಮ ಮನಿಯವ್ರಿಗೂ ಕಸುವು ಇತ್ತು. ಜೋಲಿ ಹೊಡೀಲಕತ್ತಿದ್ರು. ಕುಡದು ಬಂದಾರಂತ ತಿಳದು ನಾನೇ ಹಾಸಿಗಿ ಹಾಸಿ ಮಲಗಿಸ್ದೆ. ಮತ್ತ ಏಳಲಿಲ್ಲ."

ಹಿಟ್ಟು ಬಿಟ್ಟು ಅವಳತ್ತ ಕೈ ಚಾಚಿದೆ. ಹಿಟ್ಟಿನ ಕೈಯಲ್ಲೇ ಅವಳು ನನ್ನನ್ನು ಎಬ್ಬಿಸಿ, ಓಣಿಯವರೊಬ್ಬರ ಕಾರಿನಲ್ಲಿ ಕಲಬುರಗಿಯ ದವಾಖಾನೆಗೆ ಕರೆತಂದಳು. ದಾರಿಯುದ್ದಕ್ಕೂ ನನ್ನ ಸೊಂಟ ಬಿಡಲಿಲ್ಲ.

ಸ್ಕ್ಯಾನ್ ನೋಡಿದ ಡಾಕ್ಟರು ಹೇಳಿದರು: "ತಲಿ ಹಿಂದ ಚಿಕ್ಕ ಮೆದುಳು ಅಂತ ಅದರಿ. ಕೈಗಿ ಕಸುವು ಕೊಡೋದು ಅದಲ್ಲ. ಕೈ ಎಷ್ಟು ಚಾಚಬೇಕು, ಎಲ್ಲಿ ನಿಲ್ಲಬೇಕು ಅಂತ ಹೇಳೋದು ಅದು. ಅಲ್ಲಿ ರಕ್ತ ಹೋಗೋದು ನಿಂತದ, ಇದೂ ಒಂದು ನಮೂನಿ ಲಕ್ವಾನೇ. ಲಗೂನ ಬಂದ್ರಿ, ಛಲೋ ಆತು."

ಜೀವ ಉಳಿಯಿತು, ಖಾನಾವಳಿಯ ಕೆಲಸ ಹೋಯಿತು. ಒಂದು ವರ್ಷದಿಂದ ವ್ಯಾಯಾಮ ಮಾಡಿ ಮಾಡಿ ಸಾಕಾಗಿದೆ. ಮೊದಲು ಹೇಳದೆಯೇ ಕೈ ಮಾಡುತ್ತಿದ್ದ ಕೆಲಸಕ್ಕೆಲ್ಲ ಈಗ ನಾನೇ ಕಾವಲು ನಿಲ್ಲಬೇಕು. ಕುಪ್ಪಸದ ಹುಕ್ಕು ಹಾಕುವಷ್ಟರಲ್ಲಿ ಬೆವರು ಬರುತ್ತದೆ. ಮೂರು ರೊಟ್ಟಿ ಬಡಿದರೆ ಮುನ್ನೂರು ಬಡಿದಷ್ಟು ದಣಿವು. ನೋಡಿದವರು "ಈಗ ಆರಾಮ ಆಗೀರಲ್ಲ" ಎನ್ನುತ್ತಾರೆ. ಆದರೆ ನಾನು ಏನಾದರೂ ಎತ್ತಲು ಹೋದರೆ ಅವರೇ ಓಡಿಬಂದು ಕಸಿದುಕೊಳ್ಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಆದರೂ ಅಳು ಬರುತ್ತದೆ.

ಕಳೆದ ತಿಂಗಳು ನೀಲಮ್ಮನ ಮನೆಗೆ ಹೋಗಿದ್ದೆ. ಅಂದು ಸಿಡುಕಿದ್ದಕ್ಕೆ ತಪ್ಪಾಯಿತು ಎಂದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳದೆ ಚಹಾ ತಂದಿಟ್ಟು ಎದುರು ಕುಳಿತಳು. ಕಪ್ಪು ಎತ್ತಿದೆ. ಕೈ ನಡುಗಿ ಬಸಿಯೊಳಗೆ ಚೆಲ್ಲಿತು. ಅವಳು ಹಿಡಿಯಲು ಬರಲಿಲ್ಲ.

"ಸಾವಕಾಶ ಕುಡಿ ಅಕ್ಕಾ. ನನಗೇನು ಗಡಿಬಿಡಿ ಇಲ್ಲ."

ಅದನ್ನು ಮುಗಿಸಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅಷ್ಟೂ ಹೊತ್ತು ಅವಳು ಎದುರಿಗೇ ಕುಳಿತಿದ್ದಳು. ಒಂದು ವರ್ಷದಲ್ಲಿ ಮೊದಲ ಸಲ, ನನ್ನ ಕೈಯ ಬಗ್ಗೆ ನನಗೆ ನಾಚಿಕೆಯಾಗಲಿಲ್ಲ.