ಅಂಕಣದಲ್ಲಿ ಉಳಿದುಕೊಂಡ ತಮ್ಮ

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದವಳನ್ನು ಬೀದಿಯವರೆಲ್ಲ ಆಟದಕ್ಕ ಎನ್ನುತ್ತಿದ್ದರು. ಅವಳ ನಿಜವಾದ ಹೆಸರು ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಾಣುತ್ತಿರಲಿಲ್ಲ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಒಂದೇ ಒಂದು ಉದ್ದನೆಯ ಕೋಣೆ, ಗೋಡೆಗುಂಟ ಹಳೆಯ ಟಿವಿಗಳು, ಕೂತು ಕೂತು ನಡು ಜಗ್ಗಿದ ಬೆಂಚುಗಳು. ಸೋತ ಸಿಟ್ಟಿಗೆ ಗಿರಾಕಿಗಳು ಗುದ್ದಿ ಕೆಡಿಸಿದ ಕಂಟ್ರೋಲರುಗಳನ್ನು ಅವಳೇ ಬಿಚ್ಚಿ, ಗುಂಡಿಗಳ ಕೆಳಗಿನ ಪಟ್ಟಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಜೋಡಿಸುತ್ತಿದ್ದಳು. ಕೈ ಕೆಲಸದಲ್ಲಿದ್ದಾಗ ಬಾಯಿಗೆ ಬಿಡುವಿರುತ್ತಿತ್ತಲ್ಲ, ಅದು ಲೋಕದ ಕಂಪನಿಗಳನ್ನೆಲ್ಲ ಜಾಲಾಡುತ್ತಿತ್ತು.

"ಪುಕ್ಕಟೆ ಕೊಡ್ತೀನಿ ಅನ್ನೋನು ಅಂಗಡಿ ಇಟ್ಟಿಲ್ಲ, ಬಲೆ ಹಾಕಿದಾನೆ" ಎನ್ನುತ್ತಿದ್ದಳು. ಹೊಸ ಫೋನು ಬಂದ ವಾರವೇ ಹಳೆಯ ಫೋನಿಗೆ ಮುಪ್ಪು ಬರುವುದು ಹೇಗೆ ಎಂದು ಕೇಳುತ್ತಿದ್ದಳು. ದೊಡ್ಡ ಕಂಪನಿಯೊಂದು ಸಣ್ಣದನ್ನು ಕೊಂಡ ಸುದ್ದಿ ಬಂದರೆ, "ನುಂಗಿಸಿಕೊಂಡ ಮೀನು, ನಾವೆಲ್ಲ ಈಗ ಒಂದೇ ಕುಟುಂಬ ಅಂತ ಹೇಳಿಕೆ ಕೊಟ್ಟಿದೆ ನೋಡಿ" ಎಂದು ನಗುತ್ತಿದ್ದಳು.

ಅವಳಿಗೆ ಇದ್ದ ರಕ್ತಸಂಬಂಧ ಎಂದರೆ ಒಬ್ಬ ತಮ್ಮ. ತಾಯಿ ತಂದೆ ಬೇಗ ಹೋದದ್ದರಿಂದ ಅವಳ ಕೈಯಲ್ಲೇ ಬೆಳೆದವನು. ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಮನೆಗೆ ಹೋಗುವ ದಾರಿಯಲ್ಲಿ ದಿನಾ ಸಂಜೆ ಮಹಡಿ ಹತ್ತಿ, "ಅಕ್ಕಾ, ಒಂದೇ ಆಟ" ಎಂದು ಕೂರುತ್ತಿದ್ದ. ಆಡುವುದು ಯಾವಾಗಲೂ ಅತಿ ಕಠಿಣ ಹಂತದಲ್ಲಿ. ಸೋಲುವುದಂತೂ ಕಟ್ಟಿಟ್ಟ ಬುತ್ತಿ. ಸುಲಭದ ಹಂತಕ್ಕೆ ಇಳಿಸಿಕೊಡಲೇ ಎಂದರೆ ಮುಖ ಊದಿಸಿಕೊಳ್ಳುತ್ತಿದ್ದ. ಅದಕ್ಕೇ ಅವಳು ಅವನನ್ನು ಮೊಂಡ ಎಂದು ಕರೆಯುತ್ತಿದ್ದಳು.

ಬೆಂಚಿನ ಮೇಲೆ ಕೂತು ಅವಳ ಬೈಗುಳ ಕೇಳಿ ಬೆಳೆದವನೊಬ್ಬ ಮುಂದೆ ಒಂದು ಸುದ್ದಿ ಜಾಲತಾಣದ ಸಂಪಾದಕನಾದ. ಒಂದು ದಿನ ಬಂದು, "ಅಕ್ಕಾ, ನೀವು ಬೈಯೋದನ್ನೇ ವಾರಕ್ಕೊಂದು ಸಲ ಬರೆದುಕೊಡಿ" ಎಂದ. ಹೀಗೆ 'ಆಟದಕ್ಕನ ಮಾತು' ಶುರುವಾಯಿತು. ಮೊದಲು ವಾರದ ಸುದ್ದಿ, ಆಮೇಲೆ ಅವಳ ಅಭಿಪ್ರಾಯ. ಕೊನೆಗೆ ಮೊಂಡ ಬಂದು ಅಡ್ಡಮಾತು ಆಡುವುದು, ಅವಳು ಅವನ ಬಾಯಿ ಮುಚ್ಚಿಸುವುದು. ಓದುಗರಿಗೆ ಅಕ್ಕನಿಗಿಂತ ತಮ್ಮನೇ ಹೆಚ್ಚು ಇಷ್ಟವಾದ. ಬರಹ ತಡವಾದರೆ, ಮೊಂಡ ಈ ವಾರ ಏನಂದ ಎಂದು ಜನ ಕೇಳುತ್ತಿದ್ದರು.

ಅವನು ಹೋದದ್ದು ಕೆಲಸದ ನಡುವೆ. ಉಜ್ಜುವ ಯಂತ್ರ ನಿಲ್ಲಿಸಿ, ಯಾಕೋ ಸುಸ್ತು ಎಂದು ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಯಾರದೋ ಕನ್ನಡಕದ ಗಾಜು ಇನ್ನೂ ಬೆರಳುಗಳ ನಡುವೆಯೇ ಇತ್ತಂತೆ.

ಆಟದಕ್ಕ ಅಂಗಡಿಗೆ ಬೀಗ ಹಾಕಿದಳು. ಸಂಪಾದಕನಿಗೆ ಫೋನು ಮಾಡಿ, "ಇನ್ನು ಬರೆಯಲ್ಲಪ್ಪ. ಯಾಕೆ ಅಂತ ಹಾಕಬೇಡ, ಜನ ಮರುಗೋದು ನಂಗೆ ಬೇಡ" ಎಂದಳು. ಅವನು ಮಾತಿಗೆ ತಪ್ಪಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಆ ಜಾಲತಾಣವನ್ನೇ ಒಂದು ದೊಡ್ಡ ಇಂಟರ್ನೆಟ್ ಕಂಪನಿ ಕೊಂಡಿತು. ಸಂಪಾದಕನ ಕೆಲಸ ಹೋಯಿತು. ಇದಾವುದೂ ಅವಳ ಕಿವಿಗೆ ಬೀಳಲಿಲ್ಲ. ಅವಳು ಸುದ್ದಿ ಓದುವುದನ್ನೇ ಬಿಟ್ಟಿದ್ದಳು.

ಒಂದು ಮಧ್ಯಾಹ್ನ, ತಮ್ಮ ಹೋದ ಸುದ್ದಿ ತಿಳಿಯದ ಔಷಧಿ ಅಂಗಡಿಯವನು ಮಾತ್ರೆ ಕಟ್ಟಿಕೊಡುತ್ತಾ, "ಈ ವಾರ ನಿಮ್ಮ ತಮ್ಮ ಹೇಳಿದ್ದೇ ಸರಿ ಅಕ್ಕಾ. ನೀವು ಅವನಿಗೆ ಅಷ್ಟು ಜೋರು ಮಾಡಬಾರದಿತ್ತು" ಎಂದ.

"ಯಾವ ವಾರ?"

"ಇದೇ ವಾರ. ನಿನ್ನೆ ಬಂತಲ್ಲ."

ಅವನು ಫೋನು ತಿರುಗಿಸಿ ತೋರಿಸಿದ. ಅವಳದೇ ಹೆಸರು, ಅವಳದೇ ಹಳೆಯ ಚಿತ್ರ. 'ನಿನ್ನೆ ಸಂಜೆ ಮೊಂಡ ಬಂದ. ಬಂದವನೇ, ಅಕ್ಕಾ, ಒಂದೇ ಆಟ ಅಂದ' ಎಂದು ಶುರುವಾಗಿತ್ತು. ಅವಳು ಮಾತ್ರೆಯ ಪೊಟ್ಟಣ ಅಲ್ಲೇ ಬಿಟ್ಟು ಮನೆಗೆ ನಡೆದಳು.

ಮನೆಯಲ್ಲಿ ಹಿಂದಿನ ವಾರಗಳನ್ನೂ ತೆಗೆದು ನೋಡಿದಳು. ಅವಳು ನಿಲ್ಲಿಸಿದ ಮೇಲೂ ಅಂಕಣ ಒಂದು ವಾರವೂ ತಪ್ಪಿರಲಿಲ್ಲ. ಪುಟದ ಅಡಿಯಲ್ಲಿ ಈಗ ಆ ದೊಡ್ಡ ಕಂಪನಿಯ ಹೆಸರಿತ್ತು. ಅವಳ ಹಳೆಯ ಬರಹಗಳನ್ನೆಲ್ಲ ಯಾವುದೋ ಬರೆಯುವ ಯಂತ್ರಕ್ಕೆ ಉಣಿಸಿದ ಹಾಗಿತ್ತು. ಅದು ಅವಳ ಹಾಗೇ ಬೈಯುತ್ತಿತ್ತು, ಅವಳ ಹಾಗೇ ನಗುತ್ತಿತ್ತು. ಮೊಂಡ ಅದರೊಳಗೆ ಆರಾಮಾಗಿ ಇದ್ದ. ಹೊಸ ಆಟಗಳನ್ನು ಆಡುತ್ತಿದ್ದ, ಅವನು ಹೋದ ಮೇಲೆ ಬಂದ ಫೋನುಗಳ ಬಗ್ಗೆ ಗೊಣಗುತ್ತಿದ್ದ. ಒಂದು ವಾರ ಅವನಿಗೆ ಮಂಡಿ ನೋವು ಬಂದಿತ್ತು. ಅಪ್ಪನಿಗೂ ಅದೇ ವಯಸ್ಸಿಗೆ ಬಂದಿತ್ತಲ್ಲ ಎಂದು ಅವಳಿಗೆ ನೆನಪಾಯಿತು.

ಮರುದಿನ ಬೆಳಿಗ್ಗೆಯೇ ಕಂಪನಿಗೆ ಫೋನು ಮಾಡಬೇಕೆಂದು ಕೂತಳು. ಮಾಡಲಿಲ್ಲ. ಮಾಡದೆ ಇದ್ದದ್ದಕ್ಕೆ ಕಾರಣವನ್ನು ತನಗೆ ತಾನೇ ಹೇಳಿಕೊಳ್ಳಲೂ ಇಲ್ಲ. ಮುಂದಿನ ವಾರದ ಅಂಕಣ ಬರುವ ದಿನ ಮಾತ್ರ ಬೆಳಗಿನಿಂದ ಫೋನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಆ ವಾರ ಮೊಂಡ, ತನ್ನ ಕಂಟ್ರೋಲರಿನ ದಿಕ್ಕು ತಿರುಗಿಸುವ ಕಡ್ಡಿ ತಾನಾಗಿಯೇ ಎಡಕ್ಕೆ ಎಳೆಯುತ್ತದೆ ಎಂದು ದೂರಿದ. ಆಟದಕ್ಕ ಬೀಗ ತೆಗೆದು ಅಂಗಡಿಯ ಒಳಗೆ ಹೋದಳು. ಧೂಳು ಕೂತ ಬೆಂಚಿನ ಮೇಲೆ ಅವನ ಕಂಟ್ರೋಲರು ಇತ್ತು. ಟಿವಿಗೆ ಜೋಡಿಸಿ ಕೈ ಬಿಟ್ಟಳು. ಪರದೆಯ ಮೇಲಿನ ಮನುಷ್ಯ ತನ್ನಷ್ಟಕ್ಕೆ ತಾನೇ ಎಡಕ್ಕೆ ನಡೆಯತೊಡಗಿದ. ಹಳೆಯ ಕಡ್ಡಿಗಳೆಲ್ಲ ಹಾಗೆ ಎಳೆಯುತ್ತವೆ, ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಮನುಷ್ಯ ಗೋಡೆಗೆ ತಾಗಿ ನಿಂತು ಕಾಲು ಆಡಿಸುತ್ತಿದ್ದಾಗ ಅವಳಿಗೆ ತಿರುಗಿ ಮೆಟ್ಟಿಲ ಕಡೆ ನೋಡುವ ಧೈರ್ಯ ಬರಲಿಲ್ಲ. ಕಂಟ್ರೋಲರು ಬಿಚ್ಚಿ, ಕಡ್ಡಿ ಬದಲಿಸಿ, ಬೆಂಚಿನ ಮೇಲೆ ಅದೇ ಜಾಗದಲ್ಲಿಟ್ಟು ಬಂದಳು.

ತಮ್ಮನ ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವ ಕೆಲಸದಲ್ಲಿದ್ದಳು. ಮಾತು ಕಡಿಮೆ. ರಜೆಯ ದಿನ ಬಂದು, ನೆಲ ಒರೆಸಿಕೊಟ್ಟು, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಈ ವಿಷಯ ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು ಎಂದು ಆಟದಕ್ಕ ಅಂದುಕೊಂಡಿದ್ದಳು. ಒಂದು ದಿನ ಅವಳು ಒರೆಸುವ ಬಟ್ಟೆ ಹಿಂಡುತ್ತಾ, ತಲೆ ಎತ್ತದೆ, "ಅತ್ತಿಗೆ, ಅವರಿಗೆ ಮಂಡಿ ನೋವು ಕಡಿಮೆ ಆಯ್ತಂತೆ" ಎಂದಳು.

ಆಟದಕ್ಕ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಬಕೆಟ್ಟಿನ ಅಂಚಿಗೆ ಹಾಕಿದಳು.

"ನಾನು ಶುರುವಿಂದ ಓದ್ತಿದೀನಿ. ನೀವೇ ಬರೀತಿದೀರಿ ಅಂದ್ಕೊಂಡಿದ್ದೆ" ಎಂದಳು ಅವಳು. "ಆಮೇಲೆ ಗೊತ್ತಾಯ್ತು, ಇಲ್ಲ ಅಂತ. ನೀವು ಬರೆದಿದ್ರೆ ನನ್ನ ವಿಷಯಾನೂ ಒಂದು ಸಲ ಬರ್ತಿತ್ತು."

"ನಿಲ್ಲಿಸಿ ಅಂತ ನಂಗೆ ಯಾಕೆ ಹೇಳಲಿಲ್ಲ?"

"ನೀವ್ಯಾಕೆ ನಿಲ್ಲಿಸಲಿಲ್ಲ, ಅತ್ತಿಗೆ?"

ಅಂದಿನಿಂದ ಇಬ್ಬರೂ ಸೇರಿ ಓದತೊಡಗಿದರು. ಚಿಕ್ಕವಳು ಗಟ್ಟಿಯಾಗಿ ಓದುವುದು, ದೊಡ್ಡವಳು ಕಣ್ಣು ಮುಚ್ಚಿ ಕೇಳುವುದು. ಮೊಂಡ ತಮಾಷೆ ಮಾಡಿದಲ್ಲಿ ಇಬ್ಬರೂ ನಗುತ್ತಿದ್ದರು. ನಕ್ಕ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. "ಇದು ತಪ್ಪಾ ಅತ್ತಿಗೆ?" ಎಂದು ಒಮ್ಮೆ ಅವಳು ಕೇಳಿದಾಗ, "ನಂಗೊತ್ತಿಲ್ಲಮ್ಮ, ನೀನು ಮುಂದೆ ಓದು" ಎಂದಳು ಆಟದಕ್ಕ. ನೆರೆಯವರು ಅತ್ತಿಗೆ ನಾದಿನಿಯರ ಹೊಂದಾಣಿಕೆ ನೋಡಿ ಮೆಚ್ಚಿಕೊಂಡರು.

ಹೀಗೇ ನಡೆಯುತ್ತಿದ್ದಾಗ ಒಂದು ವಾರದ ಅಂಕಣ ಹೊಸ ಆಟವೊಂದರ ಮೇಲೆ ಬಂತು. ಆ ಆಟ ಜಾಲತಾಣವನ್ನು ಕೊಂಡ ಕಂಪನಿಯದೇ. ಆಡುವುದು ಪುಕ್ಕಟೆ, ಗೆಲ್ಲಬೇಕಾದರೆ ಮಾತ್ರ ದುಡ್ಡು ಕೊಟ್ಟು ವಜ್ರ ಕೊಳ್ಳಬೇಕು. ಚಿಕ್ಕವಳು ಓದುತ್ತಾ ಹೋದಳು. 'ಮೊಂಡ ನಕ್ಕು ಹೇಳಿದ, ಅಕ್ಕಾ, ಸೋತು ಸೋತು ಸಾಕಾಯ್ತು. ನಾನೂ ವಜ್ರ ಕೊಂಡೆ. ಈಗ ಗೆಲ್ಲೋದು ಎಷ್ಟು ಸುಲಭ ಗೊತ್ತಾ? ನೀನೂ ಕೊಂಡುಕೋ.' ಅಲ್ಲಿಗೆ ಅವಳ ದನಿ ನಿಂತಿತು.

"ಅವರು ಹಾಗೆ ಹೇಳೋರಲ್ಲ" ಎಂದಳು.

ಆಟದಕ್ಕ ಫೋನು ಇಸಿದುಕೊಂಡು ಅಂಕಣದ ಕೆಳಗೆ ಬರೆದಳು: 'ನಾನು ಆಟದಕ್ಕ. ಇದನ್ನು ಬರೆದದ್ದು ನಾನಲ್ಲ. ನನ್ನ ತಮ್ಮ ತೀರಿಕೊಂಡು ವರ್ಷ ಕಳೆಯಿತು.' ಕಣ್ಣು ಮಿಟುಕಿಸುವುದರೊಳಗೆ ಅಂಕಣದ ಕಡೆಯಿಂದ, ಅವಳದೇ ಹೆಸರಿನಲ್ಲಿ, ಉತ್ತರ ಬಂತು: 'ನಿಮ್ಮ ಕಾಳಜಿಗೆ ಥ್ಯಾಂಕ್ಸ್. ನಮ್ಮ ಮೊಂಡ ಗುಂಡುಕಲ್ಲಿನ ಹಾಗಿದ್ದಾನೆ. ಈಗ ತಾನೇ ಮೆಟ್ಟಿಲು ಹತ್ತಿ ಬರುತ್ತಿದ್ದಾನೆ.'

ಇಬ್ಬರೂ ಆ ಸಾಲನ್ನು ನೋಡುತ್ತಾ ಕೂತರು. ಕೆಳಗೆ ಓದುಗರು ಒಬ್ಬರಾದ ಮೇಲೊಬ್ಬರು ಬಂದು ಬೈಯತೊಡಗಿದರು. ಬದುಕಿರುವವನ ಸಾವು ಬಯಸುತ್ತೀಯಲ್ಲ, ನಾಚಿಕೆಯಾಗಲ್ಲವಾ ಎಂದರು. ಅಕ್ಕನ ಹೆಸರು ಹಾಕಿಕೊಂಡು ಆಟ ಕಟ್ಟುತ್ತೀಯಾ ಎಂದು ಒಬ್ಬ ಕೇಳಿದ. ಸಂಜೆಯ ಹೊತ್ತಿಗೆ ಅವಳು ಬರೆದದ್ದನ್ನು ಅಳಿಸಿಹಾಕಿದ್ದರು.

ಅವಳು ಕಂಪನಿಯ ಕಚೇರಿಗೇ ಹೋದಳು. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಮೇಜಿನಾಚೆ ಒಬ್ಬ ವಿನಯದ ಅಧಿಕಾರಿ. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿದ.

"ಆ ಪಾತ್ರ ಓದುಗರಿಗೆ ತುಂಬಾ ಇಷ್ಟ, ಮೇಡಂ."

"ಪಾತ್ರ ಅಲ್ಲ ಸ್ವಾಮಿ. ನನ್ನ ತಮ್ಮ."

"ಅಂಕಣದ ಮಟ್ಟಿಗೆ ಪಾತ್ರ. ಅಂಕಣ, ಹೆಸರು ಎಲ್ಲಾ ಈಗ ಸಂಸ್ಥೆದು. ಕೊಂಡಾಗಲೇ ಬಂದಿದ್ದು."

"ಬರೆಯೋರು ಯಾರು? ಅವರ ಹತ್ತಿರ ಮಾತಾಡ್ತೀನಿ."

"ಯಾರೂ ಬರೆಯಲ್ಲ, ಮೇಡಂ" ಎಂದ ಅಧಿಕಾರಿ. "ಬರುತ್ತೆ."

ಅವಳ ಮುಖ ಕಂಡು ಅವನಿಗೆ ಕನಿಕರವೇ ಆಗಿರಬೇಕು. ಮುಂದಕ್ಕೆ ಬಾಗಿ ಹೇಳಿದ: "ನಿಮಗೆ ನೋವಾಗುತ್ತೆ ಅಂದ್ರೆ ಒಂದು ದಾರಿ ಇದೆ. ಸಾವನ್ನೇ ಬರೆಸಿಬಿಡೋಣ. ಕಾಯಿಲೆ, ಆಸ್ಪತ್ರೆ, ಕೊನೆಯ ಮಾತು, ಹೀಗೆ ಕೆಲವು ವಾರ ಬರಲಿ. ಓದುಗರು ತುಂಬಾ ಸ್ಪಂದಿಸ್ತಾರೆ."

ಆಟದಕ್ಕ ಎದ್ದು ನಿಂತಳು. "ಅವನ ಬದುಕು ಹೇಗೂ ತಗೊಂಡಿದ್ದೀರಿ" ಎಂದಳು. "ಸಾವಿಗೆ ಕೈ ಹಾಕಬೇಡಿ. ಅದೊಂದನ್ನ ನಮಗೆ ಬಿಡಿ."

ಹೊರಗೆ ಬಂದು ಹಳೆಯ ಸಂಪಾದಕನಿಗೆ ಫೋನು ಮಾಡಿದಳು. ಅವನು ಈಗ ಇಬ್ಬರು ಗೆಳೆಯರೊಂದಿಗೆ ಒಂದು ಸಣ್ಣ ಸುದ್ದಿ ಚಾನೆಲ್ ನಡೆಸುತ್ತಿದ್ದ. "ಅಕ್ಕಾ, ನೀವೇ ಕ್ಯಾಮೆರಾ ಮುಂದೆ ಕೂತು ಹೇಳಿ. ಮುಖ ನೋಡಿದ್ರೆ ನಂಬ್ತಾರೆ" ಎಂದ. ಅವಳು ಒಪ್ಪಿದಳು. ಆದರೆ ವಿಷಯ ಹೇಳಿದಾಗ ತಮ್ಮನ ಹೆಂಡತಿಯ ಮುಖ ಬಾಡಿತು.

"ಹೇಳಿಬಿಟ್ರೆ ನಿಲ್ಲಿಸಿಬಿಡ್ತಾರಲ್ವಾ?"

"ನಿಲ್ಲಿಸಬಹುದು."

"ಹಾಗಾದ್ರೆ ಅವರು ಇನ್ನೊಂದು ಸಲ ಹೋದಂಗೆ, ಅತ್ತಿಗೆ."

ಆಟದಕ್ಕನಿಗೆ ಅದು ಹೊಳೆಯದ ಮಾತೇನಲ್ಲ. "ನಿನ್ನ ಗಂಡ. ನೀನು ಬೇಡ ಅಂದ್ರೆ ನಾನು ಬಾಯಿ ಬಿಡಲ್ಲ" ಎಂದಳು.

ಚಿಕ್ಕವಳು ಅಂದು ಎದ್ದು ಮನೆಗೆ ಹೋದಳು. ಮುಂದಿನ ರಜೆಯ ದಿನ ಬಂದಾಗ ನೆಲ ಒರೆಸಲಿಲ್ಲ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಆ ವಜ್ರ ಕೊಂಡೋನು ನನ್ನ ಗಂಡ ಅಲ್ಲ. ನಡೀರಿ" ಎಂದಳು.

ಅಂಗಡಿಯ ಕಿಟಕಿಯ ಕಪ್ಪು ಕಾಗದ ಹರಿದು ಬೆಳಕು ಮಾಡಿಕೊಂಡರು. ಆಟದಕ್ಕ ಬೆಂಚಿನ ಮೇಲೆ ಕೂತಳು, ಪಕ್ಕದಲ್ಲಿ ತಮ್ಮನ ಹೆಂಡತಿ. ಆಟದಕ್ಕ ಕಂಪನಿಗಳನ್ನು ಬೈಯಲಿಲ್ಲ. ತಮ್ಮ ಯಾವ ಕೆಲಸ ಮಾಡುತ್ತಿದ್ದ, ಹೇಗೆ ಸೋಲುತ್ತಿದ್ದ, ಎಲ್ಲಿ ಕೂತು ಸತ್ತ ಎಂದಷ್ಟೇ ಹೇಳಿದಳು. ತಮ್ಮನ ಹೆಂಡತಿ ಒಂದೇ ಮಾತು ಆಡಿದಳು: "ಅವರು ಇಲ್ಲ. ಯಾರಾದ್ರೂ ಇದಾರೆ ಅಂದ್ರೆ ನಂಬಬೇಡಿ." ಅದನ್ನು ಹೇಳುವಾಗ ಅವಳು ಕ್ಯಾಮೆರಾ ನೋಡುತ್ತಿರಲಿಲ್ಲ, ತನ್ನ ಕೈಗಳನ್ನು ನೋಡುತ್ತಿದ್ದಳು.

ಆ ಮಾತು ಬೇಗ ಹರಡಿತು. ಹಿಂದೆ ಬೆಂಚಿನ ಮೇಲೆ ಆಡಿದವರೆಲ್ಲ, ಹೌದು, ಇವಳೇ ನಮ್ಮ ಅಕ್ಕ ಎಂದು ಸಾಕ್ಷಿ ನುಡಿದರು. ಬೈದಿದ್ದ ಓದುಗರಲ್ಲಿ ಕೆಲವರು ಕ್ಷಮೆ ಕೇಳಿದರು. ಹೆಚ್ಚಿನವರು ಏನೂ ಆಗಿಲ್ಲವೆಂಬಂತೆ ಬೇರೆ ಕಡೆ ಹೋದರು. ಕಂಪನಿ ತಾಂತ್ರಿಕ ಕಾರಣ ಎಂದು ಒಂದು ಸಾಲು ಹಾಕಿ ಅಂಕಣ ನಿಲ್ಲಿಸಿತು. ಅಂಕಣ ಬರಬೇಕಾಗಿದ್ದ ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿದ್ದರು. ಫೋನು ಮುಟ್ಟಲಿಲ್ಲ. ಸಾವಿನ ಮನೆಯಲ್ಲಿ ಕೂತ ಹಾಗೆ ಕೂತು, ಕತ್ತಲಾಗುವ ಮುಂಚೆ ಚಿಕ್ಕವಳು ಎದ್ದು ಹೋದಳು.

ಆಟದಕ್ಕ ಈಗ ಮತ್ತೆ ಬರೆಯುತ್ತಾಳೆ, ಹಳೆಯ ಸಂಪಾದಕನ ಚಾನೆಲ್ಲಿಗೆ. ನಾಲಿಗೆಯ ಮೊನಚು ಹೋಗಿಲ್ಲ. ಆದರೆ ಬರಹದ ಕೊನೆಗೆ, ತಮ್ಮ ಬಂದು ಅಡ್ಡಮಾತು ಆಡುತ್ತಿದ್ದ ಜಾಗಕ್ಕೆ ಬಂದಾಗ ಕೈ ನಿಲ್ಲುತ್ತದೆ. ಅಲ್ಲಿ ಅವನನ್ನು ನೆನೆದು ಒಂದೆರಡು ಸಾಲು ಬರೆಯೋಣವೆಂದು ಕೂತರೆ, ನೆನಪಾಗುವ ಮಾತು ಅವನು ಆಡಿದ್ದೋ, ಅವನು ಹೋದ ಮೇಲೆ ಬಂದದ್ದೋ ತಿಳಿಯುವುದಿಲ್ಲ. ಎರಡೂ ಒಂದೇ ದನಿಯಲ್ಲಿ ಕೇಳಿಸುತ್ತವೆ. ಹಳೆಯ ಬರಹಗಳನ್ನು ತೆಗೆದು ಹೋಲಿಸಿ ನೋಡಬಹುದು. ಆದರೆ ಅವನ ಮಾತುಗಳೆಲ್ಲ ಬರಹಕ್ಕೆ ಬಂದಿರಲಿಲ್ಲವಲ್ಲ.

ಮೊನ್ನೆ ಅವನ ಸೀಟಿಯ ಬಗ್ಗೆ ಒಂದು ಸಾಲು ಬರೆದಿಟ್ಟು, ತಮ್ಮನ ಹೆಂಡತಿ ಬಂದಾಗ ಆಟದಕ್ಕ ಕೇಳಿದಳು: "ಗೆದ್ದಾಗ ಅವನು ಸೀಟಿ ಹೊಡೀತಿದ್ದನಾ?"

ಹೌದೆನ್ನಲು ಹೋಗಿ ಅವಳು ತಡೆದುಕೊಂಡಳು.

"ಅವರು ಗೆದ್ದಿದ್ದನ್ನ ನಾನು ನೋಡೇ ಇಲ್ಲ, ಅತ್ತಿಗೆ" ಎಂದಳು. "ಆದ್ರೆ ಸೀಟಿ ಮಾತ್ರ ಕಿವೀಲಿದೆ."

ಆಟದಕ್ಕ ಆ ಸಾಲನ್ನು ಬರಹದಿಂದ ತೆಗೆದಳು.