ಕೇಸ್‌ಶೀಟಿನ ಆರು ವರ್ಷ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ. ಆಗ ನಾನು ಹೊನ್ನಾವರದ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ ಫಿಜಿಶಿಯನ್ ಆಗಿದ್ದೆ. ವೃತ್ತಿಗೆ ಬಂದು ಇಪ್ಪತ್ತೆಂಟು ವರ್ಷ ಕಳೆದಿತ್ತು. ನನ್ನ ಕೇಸ್‌ಶೀಟ್ ನೋಡಿ ಕಿರಿಯರು ಕಲಿಯಲಿ ಎಂಬ ಜಂಬವೂ ಇತ್ತು.

ಒಂದು ಬೆಳಿಗ್ಗೆ ತೆಂಗಿನಗುಂಡಿಯಿಂದ ಮಾದೇವನನ್ನು ಕರೆತಂದರು. ಮೀನಿನ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ; ಐವತ್ತರ ಗಟ್ಟಿ ಮನುಷ್ಯ. ಇಸಿಜಿಯಲ್ಲಿ ಹೃದಯಾಘಾತ ಸ್ಪಷ್ಟವಾಗಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಹಿಂದೆ ಎದೆನೋವು ಬಂದದ್ದುಂಟೆ ಎಂದು ವಿಚಾರಿಸಿದೆ.

ಹೆಂಡತಿ ನಾಗವೇಣಿ ಉತ್ತರಿಸಿದಳು: "ಎದೆಉರಿ ಹೊಸ್ತಲ್ಲ ಡಾಕ್ಟ್ರೇ. ಮಳೆಗಾಲದಲ್ಲಿ ಬೋಟ್ ಬಂದಾದಾಗೆಲ್ಲ ನಾನೇ ಜೀರಿಗೆ ಕಷಾಯ ಮಾಡಿ ಕೊಡ್ತೆ. ಆರು ವರ್ಷ ಆತು."

ಮೀನುಗಾರಿಕೆ ನಿಂತ ದಿನಗಳಲ್ಲಿ ಗಂಡಸರಿಗೆ ಕಷಾಯ ಕುಡಿಸಿ ಹೊಟ್ಟೆ ಸರಿಮಾಡುವುದು ಆ ಮನೆಗಳ ರೂಢಿ. ಅದು ನನಗೆ ಗೊತ್ತಿತ್ತು. ಆದರೂ ಮರುಪ್ರಶ್ನೆ ಕೇಳದೆ ಬರೆದೆ: "ಆರು ವರ್ಷದಿಂದ ಎದೆಉರಿ."

ಸ್ಟೆಂಟ್ ಹಾಕಿಸಲು ಪಕ್ಕದ ಜಿಲ್ಲೆಯ ಒಂದು ಆಸ್ಪತ್ರೆಗೆ ಕಳಿಸಿದೆವು. ಜೊತೆಗೆ ನನ್ನ ಕೇಸ್‌ಶೀಟೂ ಹೋಯಿತು. ಮಾದೇವ ಖಾಸಗಿ ವಿಮೆ ಮಾಡಿಸಿ ಎರಡೇ ವರ್ಷವಾಗಿತ್ತು. ಚಿಕಿತ್ಸೆಗೆ ಮೊದಲು ಕಂಪನಿ ಕೊಡಬೇಕಾದ ಪ್ರೀ-ಆಥರೈಸೇಶನ್, ಅಂದರೆ ಒಪ್ಪಿಗೆ, ಬರಲೇ ಇಲ್ಲ. ಆರು ವರ್ಷದ ಎದೆಉರಿ ಎಂದರೆ ಹೃದ್ರೋಗವೇ, ಪಾಲಿಸಿಗೂ ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆ ಎಂದರು ಕಂಪನಿಯವರು. ಅದಕ್ಕೆ ಸಾಕ್ಷಿ ನನ್ನ ಅಕ್ಷರ. ಅದು ಬರೀ ಹೊಟ್ಟೆಯ ತೊಂದರೆ ಎಂದು ಪತ್ರ ಬರೆದೆ, ಫೋನ್ ಮಾಡಿದೆ. ಕಂಪನಿಯ ವೈದ್ಯ ಮೆತ್ತಗೆ, "ಸರ್, ಬರೆದದ್ದು ನೀವೇ ಅಲ್ಲವೇ?" ಎಂದ. ನಾನು ಸಿಟ್ಟಿನಲ್ಲಿ ಫೋನ್ ಇಟ್ಟೆ.

ಸರ್ಕಾರದ ಆರೋಗ್ಯ ಕಾರ್ಡೂ ಇತ್ತು. ಆದರೆ ಆ ಆಸ್ಪತ್ರೆ ಕಾರ್ಡಿನ ಪಟ್ಟಿಯಲ್ಲಿರಲಿಲ್ಲ. ಸುಧಾರಣೆಯ ಹೆಸರಿನಲ್ಲಿ ಭಟ್ಕಳ, ಹೊನ್ನಾವರ, ಕುಮಟಾದ ಮನೆಮನೆಗೆ ಕಾರ್ಡ್ ಬಂದಿತ್ತು, ಹೃದಯದ ಆಸ್ಪತ್ರೆ ಬಂದಿರಲಿಲ್ಲ. ಅವನನ್ನು ಪಟ್ಟಿಯಲ್ಲಿದ್ದ ಮತ್ತೊಂದು ಆಸ್ಪತ್ರೆಗೆ ಸಾಗಿಸಿ ಸ್ಟೆಂಟ್ ಹಾಕುವಷ್ಟರಲ್ಲಿ ಐದು ದಿನ ಕಳೆಯಿತು. ನಡುವೆ ಇನ್ನೊಂದು ಹೃದಯಾಘಾತವಾಗಿತ್ತು.

ಮಾದೇವ ಉಳಿದ, ಆದರೆ ಮತ್ತೆ ಬೋಟು ಹತ್ತಲಿಲ್ಲ. ಈಗ ದಡದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾನೆ. ಅವನು ನನ್ನನ್ನು ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಪೆನ್ನು ಊರುವ ಮೊದಲು ಇನ್ನೊಮ್ಮೆ ಕೇಳಬೇಕು ಎಂಬುದು ನಾನು ಕಲಿತ ಪಾಠ. ನಾಗವೇಣಿ ಕಲಿತದ್ದು ಬೇರೆ. ಹೋದ ವರ್ಷ ತಂಗಿಗೆ ಹೊಟ್ಟೆನೋವೆಂದು ಕರೆತಂದಿದ್ದಳು. ಎಷ್ಟು ದಿನದಿಂದ ನೋವು ಎಂದು ಕೇಳಿದೆ. ತಂಗಿ ಬಾಯಿ ತೆರೆಯುವಷ್ಟರಲ್ಲಿ ನಾಗವೇಣಿ ಅವಳ ಕೈ ಹಿಡಿದು ತಡೆದಳು. ನನ್ನ ಪೆನ್ನನ್ನೇ ನೋಡುತ್ತ ಕೇಳಿದಳು:

"ಎಂತ ಹೇಳ್ಬೇಕು ಡಾಕ್ಟ್ರೇ?"